ಆಚೆ ಮನೆಯ ಕೋಳಿಗಳು

3-1-1999, ಭಾನುವಾರ
ಕೊಟ್ಟೂರು

ಹಟ್ಟಿಯಿಂದ ಬೊಮ್ಮಣ್ಣ ಬಂದಿದ್ದ. ಬೆಳಗಿನ ಬಸ್ಸಿಗೆ ಬಂದವನು ಮಧ್ಯಾಹ್ನದ ಬಸ್ಸಿಗೆ ಹೋದ. ನನ್ನ ಹೆಂಡತಿ ರೇಣುಕಾ ಆಗ ಸಂತೆಗೆ ಹೋಗಿದ್ದಳು. ಅವ್ವನ ಎರಡೂ ಕಣ್ಣಿಗೆ ಪೊರೆ ಬೆಳೆದಿದೆಯಂತೆ. ಮೊನ್ನೆ ಕುರಿಮರಿ ಮಲಗಿದೆ ಎಂದುಕೊಂಡು ಒಂದು ಗುಂಡುಕಲ್ಲನ್ನು ತಬ್ಬಿ ಎತ್ತಲು ಹೋದಳಂತೆ. ಅಣ್ಣ ಅದನ್ನು ನಗುತ್ತಲೇ ಹೇಳಿದ, ಹೇಳಿ ಮುಗಿಯುವಾಗ ನಗು ಇರಲಿಲ್ಲ.

ಇಪ್ಪತ್ತನಾಲ್ಕಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಕಣ್ಣಿನ ಶಿಬಿರವಿದೆ. ಆಪರೇಷನ್ ಆದ ಮೇಲೆ ಹದಿನೈದು ದಿನ ಹೊಗೆ, ಧೂಳು ಕೂಡದಂತೆ. ಹಟ್ಟಿಯಲ್ಲಿ ಇರುವುದೇ ಅವೆರಡು.

"ನಿನ್ನ ಮನ್ಯಾಗ ಇಟ್ಕ ತಮ್ಮಾ. ಅವ್ವ ಒಪ್ಪ್ಯಾಳ," ಎಂದ.

ಒಂಬತ್ತು ವರ್ಷದಲ್ಲಿ ಅವ್ವ ಈ ಹೊಸ್ತಿಲು ತುಳಿದಿಲ್ಲ. ಹಂಪಸಾಗರದ ಮೀನು ಹಿಡಿಯುವವರ ಮಗಳನ್ನು ನಾನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದ ಮೇಲೆ ಹಟ್ಟಿಗೂ ಈ ಮನೆಗೂ ನಾನೊಬ್ಬನೇ ದಾರಿ. ಹಬ್ಬಕ್ಕೆ ಒಬ್ಬನೇ ಹೋಗುತ್ತೇನೆ, ಒಬ್ಬನೇ ಬರುತ್ತೇನೆ. ಅವ್ವ ಬರುತ್ತಾಳೆ ಎಂಬ ಖುಷಿಗೆ ಹಿಂದುಮುಂದು ನೋಡಲಿಲ್ಲ. "ಕರ್ಕಂಬಾ ಅಣ್ಣ," ಎಂದೆ.

ಅಷ್ಟರಲ್ಲಿ ಅಡಿಗೆಮನೆಯಲ್ಲಿ, ಮೊಟ್ಟೆ ಇಡಲೆಂದು ಬುಟ್ಟಿಯಡಿ ಮುಚ್ಚಿಟ್ಟಿದ್ದ ಹೇಂಟೆ ಕೊಕ್ ಎಂದಿತು. ನಾನು ಜೋರಾಗಿ ಕೆಮ್ಮಿದೆ. ಅದು ಮತ್ತೆ ಕೊಕ್ ಎಂದಿತು. ಮತ್ತೆ ಕೆಮ್ಮಿದೆ.

"ಕೆಮ್ಮಿಗೆ ಏನಾರ ತಗ," ಎಂದ ಅಣ್ಣ. ಚಹಾ ಬೇಡವೆಂದು ಎದ್ದ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ನಮ್ಮ ಹಟ್ಟಿಯಲ್ಲಿ ಕೋಳಿ ಇಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ, ಕೋಳಿ ಇರುವ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಕುರಿ ಕೊಯ್ದು ದೇವರಿಗೆ ಕೊಡುವವರು ನಾವು, ಆದರೆ ಒಂದು ಕೋಳಿಪುಕ್ಕ ಬೇಲಿ ದಾಟಿ ಬಂದರೆ ಗುಡಿಯನ್ನೇ ತೊಳೆಯುತ್ತೇವೆ. ಯಾಕೆ ಎಂದು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. "ಹಿಂದ್ಲಿಂದ ಬಂದೈತಿ," ಎಂದಿದ್ದ. ಹದಿನಾಲ್ಕು ವರ್ಷ ಮೇಷ್ಟರಾಗಿದ್ದರೂ ಇದಕ್ಕಿಂತ ಒಳ್ಳೆಯ ಉತ್ತರ ನನಗೂ ಸಿಕ್ಕಿಲ್ಲ. ಮನೆಯಲ್ಲಿ ಕೋಳಿ ಇವೆ, ರೇಣುಕಾಳವು. ನಾನು ತಿನ್ನುವುದಿಲ್ಲ, ಈವರೆಗೆ ಒಂದನ್ನೂ ಮುಟ್ಟಿಲ್ಲ. ಇವೆ, ಇರಲಿ ಎಂದು ಇದ್ದೇನೆ.

5-1-1999, ಮಂಗಳವಾರ

ಎರಡು ದಿನ ನುಂಗಿಕೊಂಡಿದ್ದು ಇವತ್ತು ಊಟಕ್ಕೆ ಕೂತಾಗ ರೇಣುಕಾಗೆ ಹೇಳಿದೆ. ಅವ್ವ ಬರುತ್ತಾಳೆ ಎಂದಿದ್ದೇ ತಡ, ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟಳು. ಯಾವ ಕೋಣೆ, ಯಾವ ಹಾಸಿಗೆ, ಅವ್ವ ರಾಗಿ ತಿನ್ನುತ್ತಾಳೋ ನವಣೆಯೋ, ಒಂದೇ ಸಮ ಕೇಳಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಆಮೇಲೆ ನಾನು ಕೋಳಿಯ ಮಾತು ತೆಗೆದೆ.

"ಹದಿನೈದು ದಿನ ನಿಮ್ಮಣ್ಣನ ಮನಿಗೆ ಕಳಿಸಿದ್ರ?"

ಅವಳು ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ಹುಂಜಾನ ಕಳಸ್ತೀನಿ. ಅದು ಕೂಗಿದ್ರ ನಿಮ್ಮವ್ವಗ ಕೇಳ್ತೈತಿ. ಹೇಂಟಿ ಕಳ್ಸಂಗಿಲ್ರಿ. ಕರಿಕಿ ಇನ್ನ ಹತ್ತು ಹದಿನೈದು ದಿನಕ್ಕ ಕಾವಿಗೆ ಕುಂದರ್ತಾಳ. ಹಿತ್ಲಾಗ ಒಂದು ಗೂಡು ಕಟ್ಟಿಕೊಡ್ರಿ, ಮನಿಯೊಳಗ ಒಂದು ಪುಕ್ಕ ಸುಳಿಯಂಗಿಲ್ಲ. ಮೂರು ವರ್ಷದಿಂದ ಕೇಳಾಕತ್ತೀನಿ."

ಹೌದು, ಮೂರು ವರ್ಷ. ನಮಗೆ ಮಕ್ಕಳಾಗುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿದ ವರ್ಷವೇ ಅವಳು ತವರಿನಿಂದ ಒಂದು ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಈಗ ಐದು ಹೇಂಟೆ, ಒಂದು ಹುಂಜ. ಗೂಡು ಕಟ್ಟಿಕೊಡು ಎಂದಾಗಲೆಲ್ಲ ಪರೀಕ್ಷೆ ಇದೆ, ಚುನಾವಣೆ ಇದೆ ಎಂದು ಜಾರಿಕೊಂಡೆ. ನಿಜ ಬರೆಯುವುದಾದರೆ, ನನ್ನ ಕೈಯಿಂದ ಗೂಡು ಕಟ್ಟಿದರೆ ಕೋಳಿ ನನ್ನವೂ ಆಗಿಬಿಡುತ್ತವೆ ಎಂಬ ಅಂಜಿಕೆ.

10-1-1999, ಭಾನುವಾರ

ಗೂಡು ಕಟ್ಟಿದೆ. ಒಂದು ಪೈಸೆ ಖರ್ಚಿಲ್ಲ. ಕೆರೆಯ ಅಂಗಳದಿಂದ ಜಾಲಿ ಮುಳ್ಳು ಕಡಿದು ತಂದು ದುಂಡಗೆ ಬೇಲಿ ಹಾಕಿ, ನಡುವೆ ಗೂಟ ನೆಟ್ಟು, ಒಳಗೆ ಬೇವಿನ ಸೊಪ್ಪು ಹಾಸಿದೆ. ತಗ್ಗಿನ ಕಡೆ ಮೂತ್ರ ಹರಿದು ಹೋಗಲೆಂದು ಸಣ್ಣ ಕಾಲುವೆಯನ್ನೂ ತೆಗೆದೆ. ಸೊಂಟ ಹಿಡಿದುಕೊಂಡಿತು, ಆದರೂ ಕೆಲಸ ಚೆಂದ ಬಂತು. ರೇಣುಕಾಳನ್ನು ಕರೆದು ತೋರಿಸಿದೆ.

ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೆಳಗೇ ಕೂತು ನಕ್ಕಳು.

"ಮೇಷ್ಟ್ರ, ಇದು ಕುರಿಮರಿ ರೊಪ್ಪ ರೀ. ಕೋಳಿಗೆ ರೆಕ್ಕಿ ಇರ್ತಾವ."

ಗೋಡೆಯಾಚೆಯಿಂದ ಉಚ್ಚಂಗೆಮ್ಮನೂ ಇಣುಕಿ ನಕ್ಕಳು. ಗಂಡ ತೀರಿಕೊಂಡ ಮೇಲೆ ಎರಡು ಆಡು ಕಟ್ಟಿಕೊಂಡು ಬದುಕುವ ಹೆಂಗಸು, ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಎದೆಯೆತ್ತರದ ಮಣ್ಣುಗೋಡೆ, ಅದೂ ಒಂದು ಕಡೆ ಬಿದ್ದಿದೆ. "ಕೋಳಿ ಮೂತ್ರ ಹೊಯ್ಯಂಗಿಲ್ರಿ ಮೇಷ್ಟ್ರ," ಎಂದಳು ಕಾಲುವೆ ನೋಡಿ.

ನನಗೆ ಸಿಟ್ಟು ಬಂತು. ನಲವತ್ತರ ಹತ್ತಿರ ಬಂದ ಮನುಷ್ಯ, ಮೂರು ವರ್ಷದಿಂದ ಕೋಳಿಯ ಜೊತೆ ಒಂದೇ ಸೂರಿನಡಿ ಮಲಗಿದ್ದೇನೆ, ಅವು ಹೇಗೆ ಮಲಗುತ್ತವೆ ಎಂದು ಒಂದು ದಿನವೂ ನೋಡಿಲ್ಲ. ಹಟಕ್ಕೆ ಬಿದ್ದು, "ಇವತ್ತೊಂದು ರಾತ್ರಿ ಇಲ್ಲೇ ಬಿಡು, ಏನೂ ಆಗಲ್ಲ," ಎಂದೆ.

11-1-1999

ಬೆಳಿಗ್ಗೆ ಹೇಂಟೆ ನಾಲ್ಕೇ ಇದ್ದವು. ಒಂದು ಮನೆಯ ಮಾಳಿಗೆ ಮೇಲೆ, ಎರಡು ಉಚ್ಚಂಗೆಮ್ಮನ ನುಗ್ಗೆಮರದಲ್ಲಿ, ಕರಿಕಿ ಗೂಟದ ಮೇಲೆ. ಕೆಂಪಿ ಇಲ್ಲ. ಬೇಲಿಯ ಹೊರಗೆ ಪುಕ್ಕ ಬಿದ್ದಿತ್ತು. ಕಾಡುಬೆಕ್ಕಿನ ಕೆಲಸ ಎಂದಳು ಉಚ್ಚಂಗೆಮ್ಮ.

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು ಆ ಕೆಂಪಿಯನ್ನೇ. ರೇಣುಕಾ ಪುಕ್ಕಗಳನ್ನು ಆರಿಸಿ ಬುಟ್ಟಿಗೆ ಹಾಕಿದಳು. ಬುಟ್ಟಿ ಒಳಗಿಟ್ಟು ಒಲೆ ಹಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು.

17-1-1999, ಭಾನುವಾರ

ಈ ಸಲ ಬಾಯಿ ಮುಚ್ಚಿಕೊಂಡು ಅವಳು ಹೇಳಿದಂತೆ ಕಟ್ಟಿದೆ.

ಅಟ್ಟದ ಮೇಲೆ ಹಳೆಯ ಹಗ್ಗದ ಹೊರಸು ಇತ್ತು. ಅದನ್ನು ನಾಲ್ಕು ಕಾಲಿನ ಮೇಲೆ ಹಾಗೆಯೇ ನಿಲ್ಲಿಸಿ ಅದರ ಹೆಣಿಗೆಯನ್ನೇ ಗೂಡಿನ ನೆಲ ಮಾಡಿದೆವು. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ, ಬೂದಿ ಹಾಕಿ ಗುಡಿಸಿದರಾಯಿತು. ಮೂಲೆಗೊಂದು ಬಿದಿರು ಕಟ್ಟಿ ಮೇಲಕ್ಕೆತ್ತಿದೆ. ಸೂರಿಗೆ ಶಾಲೆಯ ಹಳೆಯ ಕಪ್ಪುಹಲಗೆ. ಹೊಸದು ಬಂದ ಮೇಲೆ ಒಡೆದು ಒಲೆಗೆ ಹಾಕಿರೆಂದು ಹೆಡ್‌ಮೇಷ್ಟ್ರು ಹೇಳಿದ್ದರು, ಕೇಳಿ ತಂದೆ. ಒಂಬತ್ತರ ಮಗ್ಗಿ ಇನ್ನೂ ಅರ್ಧ ಉಳಿದಿತ್ತು. ಉಚ್ಚಂಗೆಮ್ಮ ಗಂಡನ ಸೈಕಲ್ ಶಾಪಿನ ಹರಿದ ಟೈರು, ಟ್ಯೂಬು ಕೊಟ್ಟಳು. ಟೈರು ಕತ್ತರಿಸಿ ಬಾಗಿಲಿಗೆ ಕೀಲು ಮಾಡಿದೆ. ಬಾಗಿಲು ಎಣ್ಣೆಡಬ್ಬಿಯ ತಗಡಿನದು. ಟ್ಯೂಬನ್ನು ಸೀಳಿದರೆ ಎಷ್ಟು ಬೇಕಾದರೂ ದಾರ.

ಸುತ್ತ ಹಾಕಲು ಜಾಲರಿ ಬೇಕಿತ್ತು. ಮಧ್ಯಾಹ್ನ ಹಂಪಸಾಗರದಿಂದ ರೇಣುಕಾಳ ಅಣ್ಣ ಅಂಜಿನೇಯಲು ಹರಿದ ಬಲೆ ಹೊತ್ತುಕೊಂಡು ಬಂದ. ಹೊಳೆಯ ವಾಸನೆ ಮನೆ ತುಂಬಿತು. ಅಣ್ಣ ತಂಗಿ ಕೂತು ಹರಿದಲ್ಲಿ ಹೆಣೆದರು, ನಾನು ಬಿದಿರಿಗೆ ಬಿಗಿದೆ.

"ಮಾವ ಗಂಟು ಚೊಲೋ ಹಾಕ್ತಾರಲ್ಲ," ಎಂದ ಅಂಜಿನೇಯಲು.

ಆಗ ನೋಡಿಕೊಂಡೆ. ಕೈ ತಾನಾಗಿ ಮರಿಗಂಟು ಹಾಕುತ್ತಿತ್ತು. ಕುರಿಮರಿಯ ಕೊರಳಿಗೆ ಹಾಕುವ ಗಂಟು, ಎಷ್ಟು ಜಗ್ಗಿದರೂ ಬಿಗಿಯುವುದಿಲ್ಲ, ತುದಿ ಎಳೆದರೆ ಬಿಚ್ಚುತ್ತದೆ. ಅಪ್ಪ ಎಡಗೈಯವನು. ಹಟ್ಟಿಯಲ್ಲಿ ಎಲ್ಲರೂ ಬಲಕ್ಕೆ ಸುತ್ತಿದರೆ ಅವನು ಎಡಕ್ಕೆ ಸುತ್ತುತ್ತಿದ್ದ. ಅವನಿಂದ ಕಲಿತ ನನ್ನದೂ ಎಡಕ್ಕೇ. ಬೊಮ್ಮಣ್ಣನಿಗೆ ಬರಲಿಲ್ಲ, ಅವನದು ಬಲಕ್ಕೆ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು.

ಒಳಗೆ ಅಡ್ಡಲಾಗಿ ಒಂದು ಬಿದಿರು ಕಟ್ಟಿಸಿದಳು. "ಕೋಳಿ ಕುಂತ ಮಕ್ಕಂತಾವ್ರಿ," ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಸಂಜೆ ನಾಲ್ಕೂ ತಾವಾಗಿಯೇ ಹೋಗಿ ಆ ಬಿದಿರಿನ ಮೇಲೆ ಸಾಲಾಗಿ ಕೂತವು. ಅಂಜಿನೇಯಲು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸು ಹತ್ತಿದ.

ಒಂದು ಬರೆದಿಲ್ಲ. ಗೂಡನ್ನು ಉಚ್ಚಂಗೆಮ್ಮನ ಗೋಡೆ ಬಿದ್ದ ಕಡೆಗೆ ಇಟ್ಟಿದ್ದೇನೆ. ಬಾಗಿಲು ಅವಳ ಹಿತ್ತಲಿಗೆ ತೆರೆಯುತ್ತದೆ. ನಮ್ಮ ಕಡೆಗೆ ಗೂಡಿನ ಬೆನ್ನು. ಅಡಿಗೆಮನೆಯಿಂದ ನೋಡಿದರೆ ಪಕ್ಕದವರ ಗೂಡು ಎಂದೇ ಅನ್ನಬೇಕು.

18-1-1999

"ಬಾಗ್ಲ ಯಾಕ ಆ ಕಡಿ ಇಟ್ರಿ?" ಎಂದು ಕೇಳಿದಳು.

"ಗಾಳಿ ಆ ಕಡಿಯಿಂದ ಬರ್ತೈತಿ," ಎಂದೆ.

ನನ್ನನ್ನೇ ನೋಡಿದಳು. ನಾನು ಪಂಪಿಗೆ ನೀರು ತರಲು ಹೋದೆ. ನಡುವೆ ಗೂಡು ನಿಂತಿರುವುದರಿಂದ ಗೋಡೆ ಬಿದ್ದ ಸಂದಿ ಮುಚ್ಚಿಹೋಗಿದೆ. ಈಗ ಅವಳು ತನ್ನ ಕೋಳಿ ಬಿಡಲು ಮುಂಬಾಗಿಲಿನಿಂದ ಹೊರಟು, ಬೀದಿ ಸುತ್ತಿ, ಉಚ್ಚಂಗೆಮ್ಮನ ಮನೆಯೊಳಗಿಂದ ಹಾದು ಹೋಗಬೇಕು.

26-1-1999, ಮಂಗಳವಾರ

ಝಂಡಾ ಏರಿಸಿ, ಮಕ್ಕಳಿಗೆ ಪೆಪ್ಪರಮೆಂಟು ಹಂಚಿ, ಹಗರಿಬೊಮ್ಮನಹಳ್ಳಿಗೆ ಹೋಗಿ ಅವ್ವನನ್ನು ಕರೆದುಕೊಂಡು ಬಂದೆ. ಆಪರೇಷನ್ ಚೆನ್ನಾಗಿ ಆಗಿದೆ. ಹಣೆಯಿಂದ ಹಸಿರು ಬಟ್ಟೆ ಇಳಿಬಿಟ್ಟಿದ್ದಾರೆ. ದಿನಕ್ಕೆ ನಾಲ್ಕು ಸಲ ಔಷಧಿ ಬಿಡಬೇಕು, ಬಗ್ಗಬಾರದು, ತಲೆಗೆ ನೀರು ಹಾಕಬಾರದು.

ಹೊಸ್ತಿಲ ಮೇಲೆ ರೇಣುಕಾ ಅವಳ ಕಾಲಿಗೆ ನೀರು ಹಾಕಿದಳು. ಅವ್ವ ಗೋಡೆ ತಡವುತ್ತ ಒಳಗೆ ಬಂದಳು. ರೇಣುಕಾ ತಂಬಿಗೆ ಕೊಟ್ಟಳು. ಅವ್ವ ತಂಬಿಗೆ ಹಿಡಿದುಕೊಂಡು ನನ್ನ ಕಡೆ ಮುಖ ತಿರುಗಿಸಿ, "ಕುಡಿಲೇನಪ್ಪಾ?" ಎಂದಳು.

"ಕುಡಿಯವ್ವಾ."

ಕುಡಿದಳು. ಗಟಗಟ ಎಂದು ಅವಳ ಗಂಟಲು ಇಳಿಯುವುದನ್ನು ನೋಡುತ್ತ ನಿಂತೆ. ನಾನು ಇಂಥವನು ಎಂದು ಈ ಪುಸ್ತಕಕ್ಕೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗದಿರಲಿ.

28-1-1999, ಗುರುವಾರ

ಮೊಟ್ಟೆ ಇಟ್ಟ ಹೇಂಟೆ ಊರಿಗೆಲ್ಲ ಡಂಗುರ ಸಾರುತ್ತದೆ, ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಹುಂಜ ಹೋದರೆ ಎಲ್ಲ ಹೋಯಿತು ಎಂದುಕೊಂಡಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ, ನಾನು ಅವ್ವನ ಜೊತೆ ಉಣ್ಣಲು ಕೂತಾಗ ಹಿತ್ತಲಲ್ಲಿ ಶುರುವಾಯಿತು.

ಅವ್ವ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಯಲ್ಲಿ ಇಟ್ಟಳು. "ಕೋಳಿ ಯಾರ ಮನೀವು?"

"ಆಚಿ ಮನೀವು ಅವ್ವಾ. ಉಚ್ಚಂಗಮ್ಮ ಅಂತ ಅದಾಳ."

"ಹೌದಾ," ಎಂದಳು. ಮುದ್ದೆ ಎತ್ತಿಕೊಂಡಳು.

ರೇಣುಕಾ ಸಾರಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು. ಬಂದು ಅವ್ವನಿಗೆ ಸಾರು ಹಾಕಿದಳು, ನನಗೆ ಹಾಕುವುದನ್ನು ಮರೆತಳು. ಒಣ ಮುದ್ದೆ ತಿಂದು ಶಾಲೆಗೆ ಹೋದೆ.

31-1-1999, ಭಾನುವಾರ

ಇವತ್ತು ಅವ್ವ ಜಗಲಿಯಲ್ಲಿ ಕೂತಿದ್ದಾಗ ಉಚ್ಚಂಗೆಮ್ಮ ಮಾತಾಡಿಸಲು ಬಂದಳು. ಅವ್ವ ಅರ್ಧ ಗಂಟೆ ಅವಳಿಗೆ ಬುದ್ಧಿ ಹೇಳಿದಳು. ಆಡು ಸಾಕಿಕೊಂಡಿದ್ದೀ, ಸಾಲದೇ, ಕೋಳಿಯ ಹಾಳು ಸಹವಾಸ ಯಾಕೆ, ನೆರೆಯವರ ಜಾತಿ ನೀತಿ ನೋಡಬಾರದೇ, ಎಂದು.

ಉಚ್ಚಂಗೆಮ್ಮ ತನ್ನದಲ್ಲದ ಕೋಳಿಗೆ ತಲೆ ಬಗ್ಗಿಸಿ ಬೈಸಿಕೊಂಡಳು. "ಏನ್ ಮಾಡ್ಲಿ ಯಜಮಾನ್ತಿ, ಚಟ ಆಗೇತಿ, ಬಿಡಾಕ ಆಗ್ವಲ್ದು," ಎಂದಳು. ಹೋಗುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ ಹೇಳಿದಳು: "ಮೇಷ್ಟ್ರ, ಬೈಸ್ಕಂಡಿದ್ದು ನಾನು. ಮೊಟ್ಟಿ ತಿನ್ನೋದು ಯಾರು?"

ನಗಬೇಕಿತ್ತು, ನಗು ಬರಲಿಲ್ಲ. ಒಬ್ಬ ಮೇಷ್ಟರ ಮರ್ಯಾದೆ ಉಳಿಸಲು ಒಬ್ಬ ಬಡ ವಿಧವೆ ಕೋಳಿ ಕಳ್ಳಿಯಂತೆ ಕೂರಬೇಕಾಯಿತು. ಅಪ್ಪ ಇದ್ದಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದ, ಅದೂ ಎಡಗೈಲೆ.

4-2-1999, ಗುರುವಾರ

ಅವ್ವ ಮತ್ತೆ ಕೇಳಿದಳು. ದಿನವೂ ಕೇಳುತ್ತಾಳೆ. "ಕೋಳಿ ಯಾರ ಮನೀವಪ್ಪಾ?" ವಯಸ್ಸಾಯಿತು, ಮರೆವು. ನಾನು ಅದೇ ಪಾಠ ಒಪ್ಪಿಸುತ್ತೇನೆ.

ರೇಣುಕಾ ಕರಿಕಿಗೆ ಕಾಳು ಹಾಕಲು ಬೀದಿ ಸುತ್ತಿ ಹೋಗುತ್ತಾಳೆ. ಅದು ಕಳೆದ ತಿಂಗಳ ಇಪ್ಪತ್ತರಿಂದ ಹನ್ನೊಂದು ಮೊಟ್ಟೆಯ ಮೇಲೆ ಕೂತಿದೆ. ವಾಪಸು ಬಂದು ಹುಣಿಸೆಹಣ್ಣು, ಬೂದಿ ಹಾಕಿ ಕೈ ಉಜ್ಜುತ್ತಾಳೆ, ಆಮೇಲೆ ಸೋಪು. ಆಮೇಲೆ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಔಷಧಿ ಬಿಡುತ್ತಾಳೆ. ಅವಳ ಬೆರಳ ಸಂದಿಗಳು ಸುಲಿದು ಕೆಂಪಾಗಿವೆ. ಕೈ ಚೆನ್ನಾಗಿ ತೊಳೆದುಕೋ, ವಾಸನೆ ಬರುತ್ತದೆ ಎಂದು ಹೇಳಿದವನು ನಾನೇ.

ನನ್ನ ಜೊತೆ ಮಾತು ಬಿಟ್ಟಿಲ್ಲ. ಅಕ್ಕಿ ಮುಗಿದಿದೆ, ಸೀಮೆಎಣ್ಣೆ ತರಬೇಕು, ಇಷ್ಟೇ. ನಿನ್ನೆ ಒಂದೇ ಒಂದು ಬೇರೆ ಮಾತು ಆಡಿದಳು.

"ಹಟ್ಟ್ಯಾಗ ನನ್ನ ಬಗ್ಗೆ ಕೇಳಿದ್ರ ಏನ್ ಹೇಳ್ತಿದ್ರಿ ಇಷ್ಟ್ ವರ್ಷ?"

"ಯಾರೂ ಕೇಳಲ್ಲ," ಎಂದೆ. ಅದು ಸುಳ್ಳಲ್ಲ. ಯಾರೂ ಕೇಳದಂತೆ ನಾನೇ ನೋಡಿಕೊಂಡಿದ್ದೇನೆ, ಅದನ್ನು ಹೇಳಲಿಲ್ಲ.

8-2-1999

ಅವ್ವನಿಗೆ ತಪಾಸಣೆ ಆಯಿತು. ದಪ್ಪ ಗಾಜಿನ ಕನ್ನಡಕ ಕೊಟ್ಟಿದ್ದಾರೆ. ಬಸ್ಸಿನ ಕಿಟಕಿಯಿಂದ ಕಂಡದ್ದನ್ನೆಲ್ಲ ಹೆಸರು ಹೇಳುತ್ತ ಬಂದಳು: ಎತ್ತು, ಬೇವು, ಬಣವಿ, ಹುಡುಗ. ಮನೆಗೆ ಬಂದು ರೇಣುಕಾಳನ್ನು ಹತ್ತಿರ ಕರೆದು ಮುಖ ನೋಡಿದಳು. ಆಮೇಲೆ ಅವಳ ಎರಡೂ ಕೈ ಹಿಡಿದು, ತೋಳುದೂರಕ್ಕೆ ಸರಿಸಿ, ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದಳು.

ಇನ್ನು ನಾಲ್ಕು ದಿನ. ಶುಕ್ರವಾರ ಹಟ್ಟಿಗೆ ಬಿಟ್ಟು ಬಂದರೆ ಮುಗಿಯಿತು.

10-2-1999, ಬುಧವಾರ

ಬರೆಯಬೇಕು, ಇಲ್ಲದಿದ್ದರೆ ಇದನ್ನೂ ನಾಳೆ ಬೇರೆ ಮಾಡಿ ಹೇಳಿಬಿಡುತ್ತೇನೆ.

ಬೆಳಿಗ್ಗೆ ಮರಿ ಒಡೆದವು. ಚಿಂವ್ ಚಿಂವ್ ಎಂದು ಹಿತ್ತಲೆಲ್ಲ ಸದ್ದು. ರೇಣುಕಾ ಮುಂಬಾಗಿಲಿನಿಂದ ಓಡಿದಳು. ನಾನು ಹಲ್ಲುಜ್ಜುತ್ತ ನಿಂತಿದ್ದೆ. ನೋಡಿದರೆ ಅವ್ವ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಿದ್ದಾಳೆ. ನೇರ ಗೂಡಿನ ಬೆನ್ನಿಗೆ ಹೋಗಿ ನಿಂತಳು. ಹತ್ತಿರದ್ದು ಕನ್ನಡಕದಲ್ಲಿ ಸರಿ ಕಾಣದು. ಕೈಯಿಂದ ಬಲೆ ಮುಟ್ಟಿದಳು, ಬಿದಿರು ಮುಟ್ಟಿದಳು, ಬಿದಿರಿಗೆ ಬಲೆ ಬಿಗಿದ ಗಂಟು ಸಿಕ್ಕಿತು. ಅದನ್ನು ಹೆಬ್ಬೆರಳಿನಿಂದ ತಡವಿದಳು. ಕೆಳಗಿನ ಗಂಟು ತಡವಿದಳು. ಅದರ ಕೆಳಗಿನದು.

"ಲೇ ಗಾದ್ಯಾ, ಬಾ ಇಲ್ಲಿ," ಎಂದು ನನ್ನ ಚಿಕ್ಕಂದಿನ ಹೆಸರು ಹಿಡಿದು ಕರೆದಳು.

ಹೋದೆ.

"ಈ ಗಂಟು ಉಚ್ಚಂಗವ್ವಗ ಯಾರು ಕಲಿಸಿದ್ರು?"

ನನ್ನ ಬಾಯಲ್ಲಿ ಹಲ್ಲುಪುಡಿ ಇತ್ತು. ಉಗುಳಲಿಲ್ಲ, ನುಂಗಿದೆ.

"ಮರಿಗಂಟು, ಎಡಕ್ಕ ಸುತ್ತಿದ್ದು. ಈ ಸೀಮ್ಯಾಗ ಒಬ್ಬಾವ ಹಾಕ್ತಿದ್ದ. ಆತನ ಮಣ್ಣು ಮಾಡಿ ಹನ್ನೊಂದು ವರ್ಷ ಆತು."

"ಅವ್ವಾ, ಕೋಳಿ..."

"ಕೋಳಿ ಆಕೀವು ಅಂತ ಮೊದ್ಲ ದಿನಾನ ಗೊತ್ತಾತು. ಕಣ್ಣಿಗೆ ಔಷಧಿ ಬಿಡೋವಾಗ ಆಕಿ ಕೈಯಾಗ ವಾಸ್ನಿ ಬಂತು. ಹುಟ್ಟಿದಾಗಿಂದ ಕುರಿ ವಾಸ್ನ್ಯಾಗ ಇದ್ದಾಕಿಗೆ ಕುರಿ ಅಲ್ಲದ್ದು ಗೊತ್ತಾಗಂಗಿಲ್ಲನು? ಗೂಡು ನೀನು ಕಟ್ಟಿದ್ದು ಅಂತ ಈಗ ಗೊತ್ತಾತು. ಕೈಲೆ ಕಟ್ಟೀದಿ, ಬಾಯಿಲೆ ಇಲ್ಲ ಅಂದಿ."

ಗೂಡಿನ ಆಚೆ ಬದಿ, ಬಾಗಿಲ ಹತ್ತಿರ ರೇಣುಕಾ ಕುಕ್ಕುರುಗಾಲಲ್ಲಿ ಕೂತಿರುವುದು ಬಲೆಯ ಮೂಲಕ ಕಾಣುತ್ತಿತ್ತು. ಅಲುಗಾಡುತ್ತಿರಲಿಲ್ಲ.

"ಮತ್ತ ದಿನಾ ಯಾಕ ಕೇಳ್ತಿದ್ದಿ?" ಎಂದೆ. ಏನಾದರೂ ಹೇಳಬೇಕಿತ್ತು, ಅದಕ್ಕೆ.

"ಇವತ್ತಾರ ನಮ್ಮವು ಅಂತೀಯೇನೋ ಅಂತ ಕೇಳ್ತಿದ್ದೆ."

ಅವ್ವ ಅಲ್ಲೇ ಬೀಸುಕಲ್ಲಿನ ಮೇಲೆ ಕೂತಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಹಾಕಿಕೊಳ್ಳಲಿಲ್ಲ.

"ನಾನೂ ದೊಡ್ಡಾಕಿ ಅಲ್ಲ ಬಿಡು. ಗೊತ್ತಿದ್ದೂ ನೀರು ಕುಡದೆ. ಎದ್ದು ಹೋಗಬೇಕಿತ್ತು, ಕಣ್ಣು ಬೇಕಿತ್ತು, ಕುಂತೆ. ನೀ ಸುಳ್ಳು ಹೇಳಿದಿ, ನಾ ನಂಬಿದಂಗ ಇದ್ದೆ. ತಾಯಿ ಮಗ ಕೂಡಿ ಆ ಹುಡುಗಿ ಕೈಲೆ ಚಾಕರಿ ಮಾಡಿಸ್ಕಂಡ್ವಿ. ಆಕಿ ಕೈ ನೋಡೀದ್ಯಾ?"

ನೋಡಿದ್ದೆ. ಬರೆದೂ ಇದ್ದೆ. ಬರೆದುಕೊಂಡರೆ ಮುಗಿಯಿತು ಎಂದುಕೊಳ್ಳುವ ಜಾತಿ ನನ್ನದು.

ಅವ್ವ ಬಲೆಯ ಕಡೆ ಮುಖ ಮಾಡಿ ಕರೆದಳು. "ಯವ್ವಾ ರೇಣುಕಾ, ಎಷ್ಟ್ ಮರಿ?" ಒಂಬತ್ತು ವರ್ಷದಲ್ಲಿ ಅವಳ ಬಾಯಲ್ಲಿ ಆ ಹೆಸರು ಮೊದಲ ಸಲ ಬಂತು.

ಆಚೆಯಿಂದ ಉತ್ತರ ಬಂತು. "ಒಂಬತ್ತು ರೀ ಅತ್ತಿ. ಎರಡು ಮೊಟ್ಟಿ ಕೆಟ್ವು."

ನಾನು ಒಳಗೆ ಹೋಗಿ ಬಾಯಿ ತೊಳೆದುಕೊಂಡೆ. ಮುಖವನ್ನೂ ತೊಳೆದೆ, ಎರಡೆರಡು ಸಲ. ಇವತ್ತು ನನ್ನಷ್ಟು ನಾಚಿಕೆಗೆಟ್ಟವನು ಕೊಟ್ಟೂರಿನಲ್ಲಿ ಇನ್ನೊಬ್ಬ ಇರಲಿಲ್ಲ.

12-2-1999, ಶುಕ್ರವಾರ

ರಜೆ ಹಾಕಿ ಅವ್ವನನ್ನು ಹಟ್ಟಿಗೆ ಕರೆದುಕೊಂಡು ಹೋದೆ. ಅವಳು ಬೇಲಿಯ ಹೊರಗೇ ನಿಂತಳು. "ಪೂಜಾರಿನ್ನ ಕರಿ ಬೊಮ್ಮಾ. ಕೋಳಿ ಇರೋ ಮನ್ಯಾಗ ನೀರು ಕುಡದೀನಿ, ಗೊತ್ತಿದ್ದ ಕುಡದೀನಿ," ಎಂದಳು. ಬೊಮ್ಮಣ್ಣ ನನ್ನನ್ನು ನೋಡಿ, "ಅವತ್ತಿನ ಕೆಮ್ಮು," ಎಂದಷ್ಟೇ ಅಂದ.

ಪೂಜಾರಿ ಬಂದ. ನಾಲ್ಕು ಮಂದಿ ಹಿರಿಯರೂ ಬಂದರು. ಅವ್ವನ ಮೇಲೆ ಅರಿಸಿನದ ನೀರು ಚಿಮುಕಿಸಿ, ನಾಲಿಗೆಗೆ ಗುಡಿಯ ಬೂದಿ ಹಚ್ಚಿ ಒಳಗೆ ಕರೆದುಕೊಂಡರು. ಆಮೇಲೆ ಪೂಜಾರಿ ನನ್ನ ಕಡೆ ತಿರುಗಿದ.

"ಯಾರ ಕೋಳಿ?"

ಹೆಂಡತಿಯವು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಹಾಗೆ ಹೇಳಿದ್ದರೆ ನನ್ನ ಮೇಲೂ ಅರಿಸಿನದ ನೀರು ಚಿಮುಕಿಸಿ ಒಳಗೆ ಬಿಡುತ್ತಿದ್ದರು. ಪೂಜಾರಿಯ ಮುಖದಲ್ಲೇ ಆ ಉತ್ತರ ಕಾಯುತ್ತಿತ್ತು. ಬೇಲಿಯೊಳಗಿಂದ ಅವ್ವ ಆ ದಪ್ಪ ಕನ್ನಡಕ ನನ್ನ ಕಡೆಗೇ ಇಟ್ಟು ನಿಂತಿದ್ದಳು.

"ನನ್ನವು," ಎಂದೆ. "ಗೂಡೂ ನಾನ ಕಟ್ಟೀನಿ. ನನ್ನ ಹೆಂಡ್ತಿ ರೇಣುಕಾ ಅಂತ, ಹಂಪಸಾಗರದಾಕಿ. ಇಬ್ರೂ ಸಾಕೀವಿ."

ಪೂಜಾರಿ ಗಡ್ಡ ಕೆರೆದುಕೊಂಡ. ಕೋಳಿ ಇರುವ ತನಕ ಬೇಲಿ ಹೊರಗೆ ಇರು, ಹಬ್ಬಕ್ಕೆ ಬಾ, ಉಣ್ಣು, ಒಳಗೆ ಮಾತ್ರ ಬೇಡ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಅಪ್ಪನ ಸಮಾಧಿ ಬೇಲಿಯೊಳಗಿದೆ, ಗುಡಿಯ ಹಿಂದೆ. ಹೊರಗಿನಿಂದ ಅದರ ಮೇಲಿನ ತುಂಬೆಗಿಡ ಕಾಣುತ್ತದೆ, ಅಷ್ಟೇ.

ಬೊಮ್ಮಣ್ಣ ತಾಟನ್ನು ಬೇಲಿಯಾಚೆ ತಂದು ಇಟ್ಟ. ತನ್ನ ತಾಟನ್ನೂ ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತ. "ಒಳಗ ಸೆಕಿ," ಎಂದ. ಫೆಬ್ರವರಿಯಲ್ಲಿ ಎಂಥ ಸೆಕೆ. ಉಣ್ಣುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅತ್ತಿಗೆ ಸಾರಿಗೆ ಖಾರ ಜಾಸ್ತಿ ಹಾಕಿದ್ದಳು.

13-2-1999, ಶನಿವಾರ

ಅರ್ಧ ದಿನದ ಶಾಲೆ ಮುಗಿಸಿ ಬಂದು ಗೂಡು ತಿರುಗಿಸಿದೆ. ರೇಣುಕಾ ಒಂದು ಕಡೆ ಹಿಡಿದಳು, ನಾನೊಂದು ಕಡೆ. ಈಗ ಬಾಗಿಲು ನಮ್ಮ ಅಡಿಗೆಮನೆಗೆ ಎದುರು. ಹಟ್ಟಿಯಲ್ಲಿ ನಡೆದದ್ದನ್ನು ನಿನ್ನೆ ರಾತ್ರಿಯೇ ಹೇಳಿದ್ದೆ. ಎಲ್ಲ ಕೇಳಿ, "ಉಂಡ್ರ್ಯಾ?" ಎಂದು ಮಾತ್ರ ಕೇಳಿದ್ದಳು.

ಸಂಜೆ ತಮಾಷೆಯಾಯಿತು. ಕರಿಕಿ ಮರಿಗಳೊಂದಿಗೆ ಒಳಗೇ ಇತ್ತು. ಉಳಿದ ಮೂರು ಹೇಂಟೆಗಳು ರೂಢಿಯಂತೆ ಉಚ್ಚಂಗೆಮ್ಮನ ಹಿತ್ತಲಿಗೆ ಹೋಗಿ, ಬಾಗಿಲು ಇದ್ದ ಜಾಗದಲ್ಲಿ, ಬಲೆಯ ಎದುರು ನಿಂತವು. ಕತ್ತಲಾಗುತ್ತಾ ಬಂತು, ಕದಲಲಿಲ್ಲ. ಬಾಗಿಲು ಅಲ್ಲಿಟ್ಟವನು ನಾನು, ಅವುಗಳದ್ದೇನು ತಪ್ಪು. ಬೀದಿ ಸುತ್ತಿ ಉಚ್ಚಂಗೆಮ್ಮನ ಮನೆಯೊಳಗಿಂದ ಹಾದು ಹೋದೆ. ಒಂದನ್ನು ಹಿಡಿಯಲು ಬಗ್ಗಿದೆ, ಅದು ರೆಕ್ಕೆ ಬಡಿದಾಗ ಕೈ ಹಿಂದೆಗೆದೆ.

"ರೆಕ್ಕಿ ಒತ್ತಿ ಹಿಡೀರಿ, ಅಂಜಬ್ಯಾಡ್ರಿ," ಎಂದಳು ರೇಣುಕಾ ಈ ಕಡೆಯಿಂದ.

ಹಿಡಿದೆ. ಇಷ್ಟು ಹಗುರ ಇರುತ್ತದೆ ಎಂದು ಗೊತ್ತಿರಲಿಲ್ಲ. ಬೆಚ್ಚಗಿತ್ತು, ಅದರ ಎದೆ ನನ್ನ ಅಂಗೈಗೆ ಬಡಿಯುತ್ತಿತ್ತು. ಗೋಡೆಯ ಮೇಲಿಂದ ರೇಣುಕಾಳ ಕೈಗೆ ಕೊಟ್ಟೆ.

ಉಚ್ಚಂಗೆಮ್ಮ ಆಡಿಗೆ ಸೊಪ್ಪು ಹಾಕುತ್ತಿದ್ದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೇಷ್ಟ್ರ, ಯಾರ ಮನಿ ಕೋಳಿ ರೀ ಅವು? ನಮ್ಮ ಹಿತ್ಲಾಗ ಬಂದು ನಿಂತಾವ."

"ನಮ್ಮವು," ಎಂದೆ.

"ಕೇಳ್ಸಲಿಲ್ರಿ."

"ನಮ್ಮವು ಉಚ್ಚಂಗಮ್ಮ, ನಮ್ಮವು."

ರೇಣುಕಾ ಆ ಕಡೆ ತಿರುಗಿ ಹೇಂಟೆಯನ್ನು ಒಳಗೆ ಬಿಟ್ಟಳು. ಅವಳ ಮುಖ ನನಗೆ ಕಾಣಲಿಲ್ಲ.

ಮೂರನ್ನೂ ಕೊಟ್ಟು ಬೀದಿ ಸುತ್ತಿ ಮನೆಗೆ ಬಂದೆ. ಗೂಡಿನ ಬಾಗಿಲಿಗೆ ಗಂಟು ಹಾಕಲು ಕೂತಾಗ ಅವಳು ಪಕ್ಕದಲ್ಲಿ ಬಂದು ಕೂತಳು.

"ಆ ಗಂಟು ನನಗೂ ತೋರಿಸ್ರಿ," ಎಂದಳು.

ಒಂಬತ್ತು ವರ್ಷದಲ್ಲಿ ನಮ್ಮ ಹಟ್ಟಿಯದು ಎನ್ನುವಂಥದ್ದನ್ನು ನಾನಾಗಿ ಒಂದನ್ನೂ ಅವಳಿಗೆ ತೋರಿಸಿರಲಿಲ್ಲ. ಗಂಟು ಬಿಚ್ಚಿ, ಎಡಕ್ಕೆ ಸುತ್ತಿ, ನಿಧಾನವಾಗಿ ಮತ್ತೆ ಹಾಕಿ ತೋರಿಸಿದೆ. ಬಲೆ ಹೆಣೆಯುವವರ ಮಗಳು, ಒಂದೇ ಸಲಕ್ಕೆ ಕಲಿತಳು.